ಐದು ರೂಪಾಯಿ ಒಳಗೆ, ಐದು ಸಾವಿರ ಹೊರಗೆ

ಹತ್ತು ರೂಪಾಯಿಯ ನಾಣ್ಯ ಹಿಡಿದು ನಮ್ಮ ಯಾವುದೇ ಊರಿನ ಸಂತೆಗೆ ಹೋಗಿ ನೋಡಿ. ಸೊಪ್ಪಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದು ನಡೆಯುವುದಿಲ್ಲ, ನೋಟು ಕೊಡಿ" ಎಂದು ವಾಪಸು ಚಾಚುತ್ತಾರೆ. ಹದಿನಾಲ್ಕು ವಿನ್ಯಾಸಗಳ ಹತ್ತರ ನಾಣ್ಯವೂ ಸಲ್ಲುತ್ತದೆ, ರೂಪಾಯಿ ಚಿಹ್ನೆ ಇದ್ದದ್ದೂ ಅಸಲಿ, ಇಲ್ಲದ್ದೂ ಅಸಲಿ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಸಾರಿತು. ಯಾರಿಗೆ ಬೇಕಾಗಿದೆ? ಟಂಕಸಾಲೆಯಿಂದ ಬಂದ, ಬೆಲೆಯನ್ನು ಮೈಮೇಲೆ ಬರೆದುಕೊಂಡಿರುವ ನಾಣ್ಯವನ್ನು ಹತ್ತು ರೂಪಾಯಿಗೂ ನಂಬದ ಇದೇ ನಾವು, ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ಸಿಕ್ಕಿದೊಡನೆ ಅದನ್ನು ದೇವರ ಮನೆಯ ಕುಂಕುಮದ ಭರಣಿಯ ಪಕ್ಕ ಇಟ್ಟು, "ಹತ್ತು ಲಕ್ಷ ಬರುತ್ತದಂತೆ" ಎಂದು ಪಿಸುಗುಟ್ಟುತ್ತೇವೆ.

ಆ ಐದು ರೂಪಾಯಿ ಬಂದದ್ದು 2012ರಲ್ಲಿ, ದೇಗುಲ ಮಂಡಳಿಗೆ 25 ವರ್ಷ ತುಂಬಿದ ನೆನಪಿಗೆ. ನಾಣ್ಯ ವ್ಯಾಪಾರಿಗೆ ತೋರಿಸಿದರೆ ಆತ ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಅದೇ ನಾಣ್ಯ ತುಂಬಿದ ತನ್ನ ಚೀಲ ತೋರಿಸುತ್ತಾನೆ. ಆದರೂ ಲಕ್ಷದ ಸುದ್ದಿಗೆ ಸಾವಿಲ್ಲ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಮತ್ತೆ ಬಾಯಿ ತೆರೆದು, ತನ್ನ ಹೆಸರು, ಲಾಂಛನ ಬಳಸಿ ಹಳೆಯ ನೋಟು ನಾಣ್ಯಗಳ ಮಾರಾಟಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದಿತು. ಹತ್ತರ ನಾಣ್ಯದ ವಿಷಯದಲ್ಲಿ ಅದರ ಮಾತು ಕೇಳದವರು ಇಲ್ಲಿಯೂ ಕೇಳಲಿಲ್ಲ. ಪಕ್ಷಪಾತದ ಆರೋಪ ಮಾತ್ರ ನಮ್ಮ ಮೇಲೆ ಬರುವಂತಿಲ್ಲ.

ಈಗ ಚಾಲ್ತಿಯಲ್ಲಿರುವ ಉಪದೇಶ ಇನ್ನಷ್ಟು ಘನವಾದದ್ದು: ಹಾಗೇ ಮಾರಬೇಡಿ, ಮೊದಲು ಗ್ರೇಡಿಂಗ್ ಮಾಡಿಸಿ. ಅಂದರೆ ನಾಣ್ಯವನ್ನು ಪರಿಣತರ ಸಂಸ್ಥೆಗೆ ಕಳುಹಿಸಬೇಕು. ಅವರು ಸವೆತ, ಗೀರು, ಮೆರುಗು ನೋಡಿ 1ರಿಂದ 70ರ ಒಳಗೆ ಒಂದು ಅಂಕ ಕೊಟ್ಟು, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ ವಾಪಸು ಕಳುಹಿಸುತ್ತಾರೆ. ಅಮೆರಿಕದಲ್ಲಿ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಗ್ರೇಡಿಂಗ್ ಸಂಸ್ಥೆಗಳು ಶುರುವಾದ ಮೇಲೆ ಇದೊಂದು ದೊಡ್ಡ ಉದ್ಯಮ. ಪರೀಕ್ಷೆಯ ಶುಲ್ಕ, ಹೋಗಿಬರುವ ಕೊರಿಯರ್, ವಿಮೆ ಎಲ್ಲ ಕೂಡಿಸಿದರೆ ಲೆಕ್ಕ ಸಾವಿರಗಳಲ್ಲಿ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆ ಕಟ್ಟಿದವರು ಕೊರಿಯರ್ ದರ ಕಂಡಿರಲಿಲ್ಲ.

ಎಪ್ಪತ್ತೇ ಏಕೆ, ನೂರು ಏಕಲ್ಲ? ಇದಕ್ಕೆ ಉತ್ತರ ವಿಲಿಯಂ ಶೆಲ್ಡನ್. ಮನುಷ್ಯರ ಮೈಕಟ್ಟು ನೋಡಿ ಸ್ವಭಾವ ಹೇಳುತ್ತಿದ್ದ ಮನಶ್ಶಾಸ್ತ್ರಜ್ಞ. ಆತ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗೆ ಈ ಮಾಪಕ ಮಾಡಿದ. ತೀರಾ ಸವೆದ ಸೆಂಟಿಗೆ ಒಂದು ಡಾಲರ್ ಆದರೆ ಅತ್ಯುತ್ತಮವಾದದ್ದಕ್ಕೆ ಎಪ್ಪತ್ತು ಡಾಲರ್ ಎಂಬುದು ಅಂದಿನ ಲೆಕ್ಕ. ಆ ಬೆಲೆಗಳು ಎಂದೋ ಮಣ್ಣಾದವು, ಅಂಕ ಮಾತ್ರ ಶಾಸ್ತ್ರವಾಗಿ ಉಳಿಯಿತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಎಂಬ ನಾಣ್ಯ ಅಧ್ಯಯನ ಸಂಸ್ಥೆಯ ಸಂಗ್ರಹದಲ್ಲಿದ್ದ ಒಳ್ಳೊಳ್ಳೆಯ ಸೆಂಟ್‌ಗಳನ್ನು ಎತ್ತಿಕೊಂಡು, ಅವುಗಳ ಜಾಗದಲ್ಲಿ ತನ್ನ ಕಳಪೆ ಸೆಂಟ್‌ಗಳನ್ನು ಇಟ್ಟುಬಂದವನೂ ಈ ಮಹಾನುಭಾವನೇ. ಗ್ರೇಡಿಂಗ್ ಎಷ್ಟು ಲಾಭದಾಯಕ ಎಂಬುದನ್ನು ಆತನಷ್ಟು ಚೆನ್ನಾಗಿ ಬಲ್ಲವರು ಇನ್ನಾರಿದ್ದಾರು!

ನಮ್ಮ ಮನೆಗಳಲ್ಲಿ ಇನ್ನೊಂದು ಸಂಪ್ರದಾಯವಿದೆ. ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಕಪ್ಪುಗಟ್ಟಿದ ಬೆಳ್ಳಿ ರೂಪಾಯಿ ಸಿಗುತ್ತದೆ. ದೊಡ್ಡವರ ವಸ್ತು ಕೊಳಕಾಗಿ ಹೋಗಬಾರದೆಂದು ಯಾರೋ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾರೆ. ರಾಣಿಯ ಕೆನ್ನೆ ಪೂಜೆಯ ತಂಬಿಗೆಯ ಹಾಗೆ ಹೊಳೆಯುತ್ತದೆ, ಕಿರೀಟದ ಮಣಿಗಳು ಒಂದರೊಳಗೊಂದು ಕರಗಿರುತ್ತವೆ, ಚಿತ್ರದ ಸುತ್ತಲಿನ ಖಾಲಿ ಜಾಗದ ತುಂಬ ಒಂದೇ ದಿಕ್ಕಿನ ನವಿರು ಗೀರುಗಳು. ನೂರೈವತ್ತು ವರ್ಷ ಕೂತು ಬೆಳೆದ ಆ ಕಪ್ಪಿಗೇ ಸಂಗ್ರಾಹಕರು ಹಣ ಕೊಡುತ್ತಾರೆ ಎಂದು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ತಿಕ್ಕಿದ ನಾಣ್ಯಕ್ಕೆ ಪರೀಕ್ಷಕರು ಅಂಕವನ್ನೇ ಕೊಡದೆ 'ಸ್ವಚ್ಛಗೊಳಿಸಲಾಗಿದೆ' ಎಂದು ಷರಾ ಬರೆಯುತ್ತಾರೆ. ಸ್ವಚ್ಛತೆಗೆ ಛೀಮಾರಿ ಸಿಗುವ ಜಾಗ ಭೂಮಿಯ ಮೇಲೆ ಇದೊಂದೇ ಇರಬೇಕು.

ಅಂಕ ಬಂದ ಮೇಲೆ ಶಾಂತಿ ಸಿಗುತ್ತದೆಯೇ? 64 ಬಂದವನಿಗೆ 65ರ ಚಿಂತೆ. ಬರಿಗಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಕೆಲವು ನಾಣ್ಯಗಳಿಗೆ ಬೆಲೆಯಲ್ಲಿ ಅಜಗಜಾಂತರವಿರುತ್ತದೆ. ಆದ್ದರಿಂದ ಡಬ್ಬಿ ಒಡೆದು ಅದೇ ನಾಣ್ಯವನ್ನು ಮತ್ತೆ ಪರೀಕ್ಷೆಗೆ ಕೂರಿಸುವವರಿದ್ದಾರೆ, ಶುಲ್ಕವೂ ಮತ್ತೆ. ಡಬ್ಬಿಯ ಮೇಲಿನ ಅಂಕ ಸರಿಯಾಗಿದೆ ಎಂದು ಪ್ರಮಾಣೀಕರಿಸುವ ಹಸಿರು ಸ್ಟಿಕರ್ ಅಂಟಿಸಲು ಅಮೆರಿಕದಲ್ಲಿ 2007ರಿಂದ ಬೇರೆಯದೇ ಸಂಸ್ಥೆಯಿದೆ. ಸ್ಟಿಕರ್ ಸರಿಯಿದೆಯೇ ಎಂದು ನೋಡುವವರು ಇನ್ನೂ ಹುಟ್ಟಬೇಕಷ್ಟೆ. ನಗಬೇಡಿ, ಪರೀಕ್ಷೆಯ ಹೆಸರಿನಲ್ಲಿ ದುಡ್ಡು ಕೀಳುವುದರಲ್ಲಿ ನಮ್ಮವರೂ ಹಿಂದೆ ಬಿದ್ದಿಲ್ಲ. ಅಕ್ಕಿಕಾಳನ್ನು ಸೆಳೆಯುವ 'ರೈಸ್ ಪುಲ್ಲಿಂಗ್' ತಾಮ್ರದ ನಾಣ್ಯ ಮತ್ತು ಚೊಂಬುಗಳನ್ನು ನಾಸಾ ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತದೆ, ಅದಕ್ಕೆ ಮೊದಲು ವಿಜ್ಞಾನಿಗಳ ಪರೀಕ್ಷೆಯ ಖರ್ಚು ನೀವು ಕೊಡಬೇಕು ಎನ್ನುವ ತಂಡಗಳು ಬೆಂಗಳೂರಿನಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿವೆ. ಗ್ರೇಡಿಂಗ್ ಸಂಸ್ಥೆಗಳು ವಂಚಕರಲ್ಲ, ಕೊಟ್ಟ ದುಡ್ಡಿಗೆ ಡಬ್ಬಿಯನ್ನಾದರೂ ಕೊಡುತ್ತವೆ.

ಇನ್ನು ಕಾನೂನು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಟಿಪ್ಪುವಿನ ಆನೆಯ ಪೈಸೆಯನ್ನು ಅಂಕಕ್ಕಾಗಿ ಎನ್‌ಜಿಸಿ ಇರುವ ಫ್ಲಾರಿಡಾಕ್ಕೆ ಅಂಚೆ ಹಾಕಿದರೆ ಅಂಕದ ಬದಲು ಮೊಕದ್ದಮೆಯ ಸಂಖ್ಯೆ ಬರಬಹುದು. ಹಳೆಯದು ಹೋಗುವಂತಿಲ್ಲ, ಹೊಸದು ಹೋಗಿ ಪ್ರಯೋಜನವಿಲ್ಲ. ನಡುವೆ ಉಳಿಯುವುದು ಬೆರಳೆಣಿಕೆಯಷ್ಟು. 1939ರ ಆರನೆಯ ಜಾರ್ಜ್ ರೂಪಾಯಿ ಅಂಥದ್ದು. ಮರುವರ್ಷದಿಂದ ಬೆಳ್ಳಿಯನ್ನು ಅರ್ಧಕ್ಕಿಳಿಸಿದರು, 1939ರದ್ದು ಅಪರೂಪವಾಯಿತು. 1938ರ 8ನ್ನು ಕೆರೆದು 9 ಮಾಡುವ ಕುಶಲಿಗಳಿರುವುದರಿಂದ ಇದಕ್ಕೆ ಅಸಲಿತನದ ಖಾತರಿ ಬೇಕು, ಖರ್ಚು ಮಾಡಿದರೂ ನ್ಯಾಯವೇ.

ಆದರೆ ಅದನ್ನು ಇಟ್ಟುಕೊಂಡವರು ತುಟಿ ಬಿಚ್ಚುವುದಿಲ್ಲ. ನಾಣ್ಯ ಪ್ರದರ್ಶನದ ಮೇಜಿನ ಮುಂದೆ ಸಾಲುಗಟ್ಟಿ, "ಇದನ್ನು ಗ್ರೇಡಿಂಗ್‌ಗೆ ಕಳುಹಿಸಲೇ ಸಾರ್?" ಎಂದು ಕೇಳುವವರ ಅಂಗೈಯಲ್ಲಿರುವುದು ಖಡ್ಗಮೃಗದ ಚಿತ್ರದ ಇಪ್ಪತ್ತೈದು ಪೈಸೆ. ಅದರ ಚಲಾವಣೆ 2011ರ ಜೂನ್ 30ರಿಂದ ನಿಂತಿದೆ. ಅದಕ್ಕೆ ಮೊದಲೇ ಬ್ಯಾಂಕಿಗೆ ಕೊಟ್ಟಿದ್ದರೆ ಇಪ್ಪತ್ತೈದು ಪೈಸೆಯಾದರೂ ಬರುತ್ತಿತ್ತು.