ಬರೀ ಮಜೂರಿ

ತಂಗಿ ಗಾಲ್ವೇಯಲ್ಲಿ ನರ್ಸ್. ಐರ್ಲೆಂಡಿನ ಪಶ್ಚಿಮ ತೀರದ ಊರು ಅದು. ಹೋದ ಸಲ ರಜೆಗೆ ಬಂದಾಗ ಅಮ್ಮನಿಗೊಂದು ಪದಕ ತಂದಳು. ಡಬ್ಬಿ ತೆಗೆದರೆ ಒಳಗೆ ಕಪ್ಪು ಮರದ ಪುಟ್ಟ ಬಿಲ್ಲೆ, ಅದಕ್ಕೊಂದು ಚರ್ಮದ ದಾರ.

"ಸೌದೆ ಚೂರಿಗೆ ದಾರ ಕಟ್ಟಿ ತಂದಿದೀಯಲ್ಲೇ!" ಎಂದಳು ಅಮ್ಮ. "ಎಷ್ಟು ಕೊಟ್ಟೆ?"

ತಂಗಿ ಯೂರೋದಲ್ಲಿ ಹೇಳಿದಳು. ಅಮ್ಮ ರೂಪಾಯಿಗೆ ಗುಣಿಸಿದಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಮ್ಮನಿಗೆ ಒಡವೆ ಅಂದರೆ ಗ್ರಾಂ. ಚಿನ್ನದ ರೇಟಿಗೆ ಅವಳ ತಕರಾರಿಲ್ಲ, ಅದು ದೇವರಿಟ್ಟದ್ದು. ಜಗಳ ಏನಿದ್ದರೂ ವೇಸ್ಟೇಜು, ಮಜೂರಿಯ ಮೇಲೆ. "ಇಷ್ಟು ಮಜೂರಿನಾ?" ಅಂತ ಎದ್ದು ನಿಂತರೆ ಅಂಗಡಿಯವನು ಎರಡನೇ ಸಲ ಕಾಫಿ ತರಿಸಬೇಕು. ಈ ಪದಕದಲ್ಲೋ, ಮಜೂರಿ ಬಿಟ್ಟರೆ ಬೇರೇನೂ ಇಲ್ಲ.

ಮರ ಓಕ್. ಸಾವಿರಾರು ವರ್ಷದ ಹಿಂದೆ ಐರ್ಲೆಂಡಿನ ಜೌಗುನೆಲದಲ್ಲಿ ಬಿದ್ದು ಹೂತುಹೋದದ್ದು. ಅಲ್ಲಿ ಗಾಳಿಯಾಡುವುದಿಲ್ಲ, ನೀರು ಹುಳಿ. ಹಾಗಾಗಿ ಮರ ಕೊಳೆಯುವುದಿಲ್ಲ. ತೊಗಟೆ ಕುದಿಸಿದಾಗ ಬರುವ ಒಗರು ಇದೆಯಲ್ಲ, ಅದು ನೀರಿನಲ್ಲಿರೋ ಕಬ್ಬಿಣದ ಜೊತೆ ಸೇರಿ ಮರವನ್ನು ನಿಧಾನವಾಗಿ ಕಪ್ಪಾಗಿಸುತ್ತದೆ. ಒಲೆಗೆಂದು ಜನ ಪೀಟ್ ಅನ್ನೋ ಉರಿಯುವ ಜೌಗುಮಣ್ಣನ್ನು ಇಟ್ಟಿಗೆ ಥರ ಕತ್ತರಿಸುವಾಗ ಇಂಥ ದಿಮ್ಮಿ ಸಿಗುತ್ತದೆ. ಮೊದಲೆಲ್ಲ ಅದನ್ನು ಸೂರಿಗೆ ತೊಲೆ ಮಾಡುತ್ತಿದ್ದರು, ಇಲ್ಲವೇ ಉರಿಸುತ್ತಿದ್ದರು. ಅಮ್ಮನ ಸೌದೆ ಲೆಕ್ಕ ಪೂರ್ತಿ ತಪ್ಪೇನಲ್ಲ.

ಕಷ್ಟ ಇರುವುದು ಆಮೇಲೆ. ಹೊರಗೆ ತೆಗೆದದ್ದನ್ನು ಅವಸರದಲ್ಲಿ ಒಣಗಿಸಿದರೆ ಸೀಳು ಬಿಡುತ್ತದೆ. ನೆರಳಲ್ಲಿಟ್ಟು ವರ್ಷಗಟ್ಟಲೆ ಕಾಯಬೇಕು. ಆಮೇಲೇ ಉಳಿ ಹಿಡಿಯೋದು.

1861ರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ತೀರಿಕೊಂಡ. ಅವಳು ಕೊನೆವರೆಗೂ ಕಪ್ಪು ಬಟ್ಟೆಯನ್ನೇ ಉಟ್ಟಳು. ಶೋಕದ ಒಡವೆ ಅಂತ ಈ ಕಪ್ಪು ಓಕ್‌ಗೂ ಆಗ ಭಾರೀ ಗಿರಾಕಿ. ಇದನ್ನು ಮಾತ್ರ ನಾನು ಅಮ್ಮನಿಗೆ ಹೇಳಲಿಲ್ಲ. ಅಲ್ಲಿ ಗಂಡ ಹೋದರೆ ಕಪ್ಪು, ನಮ್ಮಲ್ಲಿ ಗಂಡ ಇದ್ದರೆ ಕರಿಮಣಿ. ಯಾಕೆ ಸುಮ್ನೆ ಗೊಂದಲ?

ಬಿಲ್ಲೆಯ ಮೇಲೆ ಕೆತ್ತಿದ್ದು ಸೆಲ್ಟಿಕ್ ಗಂಟು, ಐರ್ಲೆಂಡ್ ಕಡೆಯ ಹಳೇ ಹೆಣಿಗೆ ಚಿತ್ತಾರ. ಎಳೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ತನ್ನನ್ನೇ ಹೆಣೆದುಕೊಂಡು ಹೋಗುತ್ತದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಸುಮಾರು 1200 ವರ್ಷ ಹಳೆಯ 'ಬುಕ್ ಆಫ್ ಕೆಲ್ಸ್' ಇದೆ. ಕರುವಿನ ಚರ್ಮದ ಮೇಲೆ ಬರೆದ ಆ ಪುಸ್ತಕದಲ್ಲಿ ಇಂಥ ಹೆಣಿಗೆಯೇ ಹೆಣಿಗೆ. ಡಬ್ಬಿಯಲ್ಲಿದ್ದ ಚೀಟಿಯಲ್ಲಿ 'ಕೊನೆಯಿಲ್ಲದ ಪ್ರೀತಿ' ಅಂತ ಅಚ್ಚಾಗಿತ್ತು. ಗಂಟು ಹಳೆಯದು, ಇಂಥ ಅರ್ಥಗಳೆಲ್ಲ ಬಹುಪಾಲು ಈಚಿನ ಅಂಗಡಿಯವರ ಸೇರ್ಪಡೆ. ವ್ಯಾಪಾರ, ಅಲ್ವಾ?

ಅಮ್ಮ ಚೀಟಿ ಓದಲಿಲ್ಲ. ಕನ್ನಡಕ ಏರಿಸಿ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಿರುಬೆರಳಿನ ಉಗುರನ್ನು ಎಳೆಯ ಮೇಲಿಟ್ಟು ನಡೆಸಿಕೊಂಡು ಹೋದಳು. ಮೇಲೆ, ಕೆಳಗೆ, ಮೇಲೆ. ಐವತ್ತು ವರ್ಷ ಹೊಸಿಲ ಮುಂದೆ ಚುಕ್ಕಿ ಇಟ್ಟ ಕೈ. ಒಂದು ಸುತ್ತು ಬಂದು ಹೊರಟಲ್ಲಿಗೇ ಮುಟ್ಟಿತು.

"ಒಂದೇ ಎಳೆ ಕಣೇ! ಎಲ್ಲೂ ಕೈ ಎತ್ತಿಲ್ಲ."

ಇನ್ನೊಂದು ಸಲ ಸುತ್ತಿದಳು. ಒಂದು ಕಡೆ ಉಗುರು ತಡೆಯಿತು. ಉಳಿ ಕೂದಲೆಳೆಯಷ್ಟು ಜಾರಿತ್ತು. "ಇಲ್ಲಿ ಅವನ ಕೈ ನಡುಗಿದೆ ನೋಡು" ಎಂದಳು. ಚೌಕಾಸಿಗೆ ಒಳ್ಳೇ ಜಾಗ, ಆದರೆ ಬೆಲೆಯ ಮಾತು ಎತ್ತಲೇ ಇಲ್ಲ.

ಮಾರನೇ ದಿನ ನೋಡಿದರೆ ಚರ್ಮದ ದಾರ ಹೋಗಿ ಕಪ್ಪು ರೇಷ್ಮೆ ದಾರ ಬಂದಿತ್ತು. ಬಾಗಿಲಲ್ಲಿ ಹೊಸ ರಂಗೋಲಿ. ಎರಡು ಕಡೆ ಅಳಿಸಿ ತಿದ್ದಿದ ಗುರುತು ಹಾಗೇ ಇತ್ತು.

"ಕಿವಿಗೂ ಒಂದು ಜೊತೆ ಸಿಗುತ್ತೇನು, ಕೇಳೇ ಅವಳನ್ನ" ಎಂದಳು, ಪುಡಿ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ.