ಓಸ್ಲೋಗೆ ಅರ್ಧ ದಿನ ಸಾಲದು ಸ್ವಾಮಿ

ಬೇಸಿಗೆ ಬಂತೆಂದರೆ ನನ್ನ ಫೇಸ್‌ಬುಕ್ ತುಂಬಾ ಊರಿನವರ ಸ್ಕ್ಯಾಂಡಿನೇವಿಯಾ ಫೋಟೋಗಳು. ಸ್ಟಾಕ್‌ಹೋಮ್ ಎರಡು ದಿನ, ಕೋಪನ್‌ಹೇಗನ್ ಎರಡು ದಿನ, ಫ್ಯೋರ್ಡ್ (ನೆಲದೊಳಕ್ಕೆ ಚಾಚಿದ ಸಮುದ್ರದ ತೋಳು) ಕಡೆ ಮೂರು ದಿನ. ನಾನಿರುವ, ನಾರ್ವೆಯ ರಾಜಧಾನಿ ಓಸ್ಲೋಗೆ ಮಾತ್ರ ಅರ್ಧ ದಿನ. ಬೆಳಗ್ಗೆ ಬಸ್ಸಿನಿಂದ ಇಳಿ, ವಿಗೆಲಾಂಡ್ ಪಾರ್ಕಿನಲ್ಲಿ ಮುಕ್ಕಾಲು ಗಂಟೆ, ಹೋಲ್ಮೆನ್‌ಕೋಲೆನ್ ಸ್ಕೀ ಜಂಪಿನ ಕೆಳಗೆ ಗ್ರೂಪ್ ಫೋಟೋ, ಒಪೆರಾ ಹೌಸ್ ಮುಂದೆ ಇನ್ನೊಂದು, ಇಂಡಿಯನ್ ಹೋಟೆಲಿನಲ್ಲಿ ಊಟ, ಆಮೇಲೆ ಕೋಪನ್‌ಹೇಗನ್ನಿಗೆ ರಾತ್ರಿ ಹಡಗು. ಹೋದ ಮೇಲೆ ಒಂದು ಷರಾ: "ಓಸ್ಲೋ ಪರವಾಗಿಲ್ಲ, ಆದ್ರೆ ದುಬಾರಿ. ನೋಡೋಕೆ ಅಂಥದ್ದೇನಿಲ್ಲ."

ದುಬಾರಿ ಅನ್ನೋದು ನಿಜ. ಎರಡನೇ ಮಾತಿಗೆ ನನ್ನ ತಕರಾರಿದೆ.

ಈ ಊರಿನಲ್ಲಿ ಚೆನ್ನಾಗಿರುವುದೆಲ್ಲ ಬಹುಪಾಲು ಬಿಟ್ಟಿ. ಇಲ್ಲವೇ ಸಿಟಿ ಬಸ್ಸಿನ ಟಿಕೆಟ್ಟಿನಲ್ಲೇ ಸಿಗುವಂಥದ್ದು. ಟೂರ್ ಕಂಪನಿಗೆ ಅದರಲ್ಲಿ ಗಿಟ್ಟುವುದೇನೂ ಇಲ್ಲ. ಹಾಗಾಗಿ ತೋರಿಸುವುದಿಲ್ಲ. ಇದು ನನ್ನ ಅನುಮಾನ, ಸಿಟ್ಟಾಗಬೇಡಿ.

ಓಸ್ಲೋ ನಗರದ ನಕ್ಷೆ ತೆಗೆದು ನೋಡಿ. ಊರಿನ ವ್ಯಾಪ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಕಾಡು. ಇಲ್ಲಿಯವರು ಅದನ್ನು ಮಾರ್ಕಾ ಅನ್ನುತ್ತಾರೆ. ದಕ್ಷಿಣಕ್ಕೆ ಫ್ಯೋರ್ಡ್, ಅದರೊಳಗೆ ಪುಟ್ಟ ದ್ವೀಪಗಳು. ಕಾಡಿಗೂ ನೀರಿಗೂ ನಡುವೆ ಸಿಕ್ಕ ಜಾಗದಲ್ಲಿ ಊರು ಕೂತಿದೆ. ಇಲ್ಲಿನ ಕಾಡು ಸುಮ್ನೆ ಉಳಿದುಕೊಂಡದ್ದಲ್ಲ. ಮಾರ್ಕಾಗೆಂದೇ 2009ರಲ್ಲಿ ಪ್ರತ್ಯೇಕ ಕಾನೂನು ಮಾಡಿದ್ದಾರೆ. ಆ ಗಡಿ ದಾಟಿ ಲೇಔಟ್ ಮಾಡುವ ಹಾಗಿಲ್ಲ. ಮನೆ ಸಾಲುತ್ತಿಲ್ಲ, ಬಾಡಿಗೆ ಏರುತ್ತಿದೆ, ಒಂದಿಷ್ಟು ಕಾಡು ಬಿಟ್ಟುಕೊಡಿ ಎಂಬ ಮಾತು ಆಗಾಗ ಏಳುತ್ತದೆ. ಬಾಡಿಗೆ ಕಟ್ಟುವವನಾಗಿ ಆ ನೋವು ನನಗೂ ಗೊತ್ತು. ಆದರೂ ನನ್ನ ಓಟು ಕಾಡಿಗೇ.

ಕಾಡಿಗೆ ಹೋಗೋದು ಹೇಗೆ? ಮೆಟ್ರೋದಲ್ಲಿ! 5ನೇ ಲೈನ್ ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದರೆ ಸೋಂಗ್ಸ್‌ವಾನ್ ಕೆರೆ. ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆ. ಕೆರೆಯ ಸುತ್ತ ಮೂರು ಕಿಲೋಮೀಟರಿಗೆ ಚೂರು ಜಾಸ್ತಿ, ಸಮತಟ್ಟಾದ ದಾರಿ. ಮಂಡಿ ನೋವಿನವರೂ ನಡೆಯಬಹುದು, ಮಗುವಿನ ಗಾಡಿಯನ್ನೂ ತಳ್ಳಬಹುದು. ಬೇಸಿಗೆಯಲ್ಲಿ ಜನ ಈಜುತ್ತಾರೆ. ಅಲ್ಲಿಂದ ಇನ್ನೂ ಮೇಲಕ್ಕೆ ಕಾಡಿನೊಳಗೆ ಹೋದರೆ ಉಲ್ಲೆವೋಲ್‌ಸೇಟರ್ ಎಂಬ ಹಳೇ ತೋಟದ ಮನೆ, ಈಗ ಅದು ಕಾಫಿ, ಬನ್ನು, ವಾಫಲ್ ಸಿಗುವ ತಂಗುದಾಣ. ದಾರಿ ತಪ್ಪುವ ಭಯ ಬೇಡ. ಬೇಸಿಗೆಯ ನಡಿಗೆ ದಾರಿಗೆ ಮರದ ಮೇಲೆ ನೀಲಿ ಗುರುತು, ಚಳಿಗಾಲದ ಸ್ಕೀ ದಾರಿಗೆ ಕೆಂಪು ಗುರುತು. ಒಂದು ತಮಾಷೆ ಹೇಳಲೇಬೇಕು. ಊರಿನ ಟ್ರಾಮಿನಲ್ಲಿ ಪಕ್ಕದ ಸೀಟಿನವನು ನಿಮ್ಮ ಮುಖ ನೋಡುವುದಿಲ್ಲ. ಅದೇ ಮನುಷ್ಯ ಕಾಡುದಾರಿಯಲ್ಲಿ ಎದುರಾದರೆ ತಾನಾಗಿ "ಹೈ" ಅನ್ನುತ್ತಾನೆ.

ದ್ವೀಪಗಳ ಕಥೆ ಇನ್ನೂ ಚಂದ. ಸಿಟಿ ಹಾಲ್ ಎದುರಿನ ಧಕ್ಕೆಯಿಂದ ಚಿಕ್ಕ ಫೆರಿಗಳು ಹೊರಡುತ್ತವೆ. ಬಸ್ಸು, ಟ್ರಾಮು, ಮೆಟ್ರೋಗೆ ತಗೊಂಡ ಟಿಕೆಟ್ಟೇ ಇದಕ್ಕೂ ಆಗುತ್ತದೆ. ಪಕ್ಕದಲ್ಲೇ ಫ್ಯೋರ್ಡ್ ಕ್ರೂಸ್ ಅಂತ ಬೋರ್ಡ್ ಹಾಕಿಕೊಂಡ ದೊಡ್ಡ ದೋಣಿಗೆ ನಮ್ಮವರು ಸಾವಿರಾರು ರೂಪಾಯಿ ಕೊಟ್ಟು ಹತ್ತುತ್ತಾರೆ. ನಾನು ಬೇಡ ಅನ್ನುವುದಿಲ್ಲ, ಅವರವರ ದುಡ್ಡು. ಆದರೆ ಫೆರಿಯಲ್ಲಿ ಹೋದರೆ ದ್ವೀಪದಲ್ಲಿ ಇಳಿಯಬಹುದಲ್ವಾ.

ಮೊದಲು ಸಿಗುವುದು ಹೊವೆಡೋಯಾ, ಹತ್ತು ನಿಮಿಷವೂ ಬೇಡ. ಇಂಗ್ಲೆಂಡಿನಿಂದ ಬಂದ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು 1147ರಲ್ಲಿ ಇಲ್ಲಿ ಮಠ ಕಟ್ಟಿದ್ದರು. 1532ರಲ್ಲಿ ಅದು ಸುಟ್ಟುಹೋಯಿತು. ಆಮೇಲೆ ಅದರ ಕಲ್ಲುಗಳನ್ನು ಎದುರು ದಡದ ಆಕೆರ್ಸ್‌ಹುಸ್ ಕೋಟೆಯ ಕೆಲಸಕ್ಕೆ ಸಾಗಿಸಿದರು. ಉಳಿದ ಮೋಟು ಗೋಡೆಗಳ ನಡುವೆ ಈಗ ಹುಲ್ಲು ಬೆಳೆದಿದೆ, ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾರೆ.

ಕಳೆದ ಬೇಸಿಗೆ ಊರಿನಿಂದ ಬಂದ ಚಿಕ್ಕಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ದೋಣಿ ಇಳಿದವರೇ ಜೇಬಿಗೆ ಕೈ ಹಾಕಿ, "ಎಂಟ್ರಿ ಟಿಕೆಟ್ ಎಲ್ಲಿ ತಗೋಬೇಕೋ?" ಅಂದರು. ಟಿಕೆಟ್ ಇಲ್ಲ ಚಿಕ್ಕಪ್ಪ, ಸುಮ್ನೆ ಬನ್ನಿ ಅಂದೆ. ನಂಬಲಿಲ್ಲ. ಮಠದ ಗೋಡೆ ಹತ್ತಿರ ಮತ್ತೆ ಸುತ್ತಮುತ್ತ ನೋಡಿ, "ವಾಚ್‌ಮನ್ನೂ ಇಲ್ವಲ್ಲ" ಅಂದರು. ಕೆಳಗಿನ ಬಂಡೆಗಳ ಮೇಲೆ ಆಫೀಸು ಮುಗಿಸಿ ಬಂದವರು ಒಮ್ಮೆ ಬಳಸಿ ಬಿಸಾಡುವ ಅಲ್ಯುಮಿನಿಯಂ ಗ್ರಿಲ್ಲಿನಲ್ಲಿ ಏನೇನೋ ಸುಡುತ್ತಿದ್ದರು. ಸುಟ್ಟ ಗ್ರಿಲ್ ಹಾಕುವುದಕ್ಕೇ ಬೇರೆ ತೊಟ್ಟಿ ಇತ್ತು. ಚಿಕ್ಕಪ್ಪ ಆ ತೊಟ್ಟಿಯ ಫೋಟೋ ಹೊಡೆದುಕೊಂಡರು. ನಾವು ಚಪಾತಿ, ಟೊಮ್ಯಾಟೋ ಗೊಜ್ಜು ಬಿಚ್ಚಿದೆವು. ರಾತ್ರಿ ಒಂಬತ್ತೂವರೆಗೂ ಬಿಸಿಲು. ಜೂನಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಹತ್ತೂಮುಕ್ಕಾಲರ ಹೊತ್ತಿಗೆ.

ಲಾಂಗ್‌ಓಯೆನೆ ಅಂತ ಇನ್ನೊಂದು ದ್ವೀಪವಿದೆ. ಮೊದಲು ಅವು ಎರಡು ದ್ವೀಪ. ಕಳೆದ ಶತಮಾನದಲ್ಲಿ ಊರಿನ ಕಸ ತಂದು ನಡುವೆ ಸುರಿದು ಸುರಿದು ಒಂದಾದವು! ಈಗ ಕಸದ ಮೇಲೆ ಮಣ್ಣು ಮುಚ್ಚಿ ಸರಿಮಾಡಿದ್ದಾರೆ. ಹುಲ್ಲಿನ ಮೈದಾನ, ಮರಳ ದಂಡೆ, ಟೆಂಟ್ ಹಾಕಲು ಜಾಗ ಎಲ್ಲ ಇದೆ. ಗ್ರೆಸ್‌ಹೋಲ್ಮೆನ್ ಎಂಬ ಮತ್ತೊಂದು ದ್ವೀಪದಲ್ಲಿ 1927ರಿಂದ ಕೆಲವು ವರ್ಷ ನೀರ ಮೇಲೆ ಇಳಿಯುವ ವಿಮಾನಗಳ ನಿಲ್ದಾಣವಿತ್ತು. ಇದನ್ನೆಲ್ಲ ಯಾವ ಗೈಡೂ ಹೇಳುವುದಿಲ್ಲ.

ಹೀಗೆ ಟಿಕೆಟ್ಟಿಲ್ಲದೆ ಕಾಡು, ದಡ ಅಂತ ಓಡಾಡುವುದರ ಹಿಂದೆ 1957ರ ಒಂದು ಕಾನೂನಿದೆ. ಬೇಸಾಯ ಮಾಡದ ಜಾಗದಲ್ಲಿ, ಅದು ಯಾರದೇ ಆಗಿರಲಿ, ಯಾರು ಬೇಕಾದರೂ ನಡೆಯಬಹುದು, ಹಣ್ಣು-ಅಣಬೆ ಕೀಳಬಹುದು. ಮನೆಗಳಿಂದ 150 ಮೀಟರ್ ದೂರವಿದ್ದರೆ ಟೆಂಟ್ ಹಾಕಿ ಮಲಗಬಹುದು. ಓಸ್ಲೋದ ದ್ವೀಪಗಳಿಗೆ ಬೇರೆ ನಿಯಮಗಳಿವೆ, ಹೊವೆಡೋಯಾದಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಬೆಂಕಿ ಹಾಕಬಾರದು. ಹಾಗಂತ ಇಲ್ಲಿಯವರೆಲ್ಲ ದೇವರಂಥವರು ಅಂದುಕೊಳ್ಳಬೇಡಿ. ಫ್ಯೋರ್ಡಿನ ಅಂಚಿನ ಶ್ರೀಮಂತ ಮನೆಗಳವರು ದಡದವರೆಗೆ ಬೇಲಿ ಎಳೆದು, "ಪ್ರೈವೇಟ್" ಅಂತ ಬೋರ್ಡ್ ತೂಗಿಸುವುದು ಇಲ್ಲೂ ಉಂಟು. ಫ್ಯೋರ್ಡಿನ ನೀರು ಮೇಲೆ ಎಷ್ಟು ಚಂದವೋ ಒಳಗೆ ಅಷ್ಟೇ ಸೊರಗಿದೆ. ಕಾಡ್ (cod) ಎಂಬ ಸಮುದ್ರ ಮೀನು ಎಷ್ಟು ಕಮ್ಮಿಯಾಯಿತೆಂದರೆ 2019ರಿಂದ ಹಿಡಿಯುವುದನ್ನೇ ನಿಷೇಧಿಸಿದ್ದಾರೆ.

ಒಪೆರಾ ಹೌಸಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗುವವರಿಗೆ ಒಂದು ಮಾತು. ಮುಂದೆ ಅಲ್ಲ, ಮೇಲೆ ಹೋಗಿ. 2008ರಲ್ಲಿ ತೆರೆದ ಆ ಕಟ್ಟಡದ ಛಾವಣಿಯೇ ನೀರಿನಿಂದ ಎದ್ದು ಬರುವ ಬಿಳಿ ಅಮೃತಶಿಲೆಯ ಇಳಿಜಾರು, ಹತ್ತುವುದಕ್ಕೆಂದೇ ಕಟ್ಟಿದ್ದು. ಮೇಲೆ ನಿಂತರೆ ದ್ವೀಪಗಳು ಕಾಣುತ್ತವೆ. ಆ ದಡ ಮೊದಲು ಕಂಟೈನರ್‌ಗಳದ್ದು, ಹೆದ್ದಾರಿಯದ್ದು. ಆ ಹೆದ್ದಾರಿಯನ್ನು 2010ರಲ್ಲಿ ನೀರಿನಡಿಯ ಸುರಂಗಕ್ಕೆ ಇಳಿಸಿದರು. ಈಗ ದಡದುದ್ದಕ್ಕೂ ಸುಮಾರು 9 ಕಿಲೋಮೀಟರ್ ನಡೆಯುವ ದಾರಿ ಇದೆ.

ವಿಗೆಲಾಂಡ್ ಪಾರ್ಕನ್ನು ನಾನು ಬಿಡಿ ಅನ್ನುತ್ತಿಲ್ಲ, ಮುಕ್ಕಾಲು ಗಂಟೆಯಲ್ಲಿ ಮುಗಿಸಬೇಡಿ ಅನ್ನುತ್ತಿದ್ದೇನೆ. 200ಕ್ಕೂ ಹೆಚ್ಚು ಶಿಲ್ಪಗಳು, ಎಲ್ಲವೂ ಗುಸ್ತಾವ್ ವಿಗೆಲಾಂಡ್ ಎಂಬ ಒಬ್ಬರೇ ಶಿಲ್ಪಿಯವು. 1921ರಲ್ಲಿ ನಗರದವರು ಅವರಿಗೆ ಕೆಲಸ ಮಾಡಲು ಕಟ್ಟಡ ಕೊಟ್ಟರು, ಅವರು ತಮ್ಮ ಕೃತಿಗಳನ್ನು ನಗರಕ್ಕೆ ಕೊಟ್ಟರು. ರಾತ್ರಿ ಹಗಲು ತೆರೆದೇ ಇರುತ್ತದೆ, ದುಡ್ಡಿಲ್ಲ. ಎಲ್ಲರೂ ಸೇತುವೆ ಮೇಲಿನ ಸಿಟ್ಟಿನ ಹುಡುಗನ ಹತ್ತಿರ ಕ್ಯೂ ನಿಲ್ಲುತ್ತಾರೆ. ಮುಟ್ಟಿ ಮುಟ್ಟಿ ಅವನ ಕೈಯ ಕಂಚು ಚಿನ್ನದ ಹಾಗೆ ಹೊಳೆಯುತ್ತದೆ, ಮೈಯೆಲ್ಲ ಕಪ್ಪು. ಅವನನ್ನು ದಾಟಿ ಮೇಲೆ ಹೋಗಿ. ಒಂದೇ ಗ್ರಾನೈಟ್ ಕಲ್ಲಿನಲ್ಲಿ 121 ಜನ ಒಬ್ಬರ ಮೇಲೊಬ್ಬರು ಹತ್ತುವ ಕಂಬ ಮೊನೊಲಿತ್. ಮೂವರು ಕಲ್ಲುಕುಟಿಗರು ಸುಮಾರು 14 ವರ್ಷ ಕೆತ್ತಿದ್ದು. ಅದಕ್ಕಿಂತ ನನಗೆ ಇಷ್ಟ, ಅದರ ಸುತ್ತ ಮೆಟ್ಟಿಲುಗಳ ಮೇಲಿರುವ ಗ್ರಾನೈಟ್ ಮುದುಕ-ಮುದುಕಿಯರು, ಮಕ್ಕಳು. ಸಂಜೆ ಊಟ ಮುಗಿಸಿ ಹೋಗಿ. ಬಸ್ಸಿನವರು ಹೋಗಿರುತ್ತಾರೆ.

ವೈಕಿಂಗ್ ಹಡಗಿನ ಮ್ಯೂಸಿಯಂ ನೋಡಬೇಕೆಂದಿದ್ದರೆ ಮೊದಲು ವಿಚಾರಿಸಿಕೊಳ್ಳಿ, 2022ರಿಂದ ದೊಡ್ಡ ರಿಪೇರಿಗಾಗಿ ಮುಚ್ಚಿದ್ದಾರೆ. ಅದು ಇರುವ ಬಿಗ್ಡೋಯ್ ಎಂಬ ಭಾಗದಲ್ಲೇ ಬಯಲು ಜಾನಪದ ಮ್ಯೂಸಿಯಂ ಇದೆ, ಅಲ್ಲಿ ಸುಮಾರು 1200ರ ಕಾಲದ ಮರದ ಚರ್ಚು ನೋಡಿ. ಟಿಕೆಟ್ ಇದೆ, ಆದರೆ ಕೊಡಬಹುದು.

ಚಳಿಗಾಲದಲ್ಲಿ ಬರುವವರಿಗೆ ಒಂದೇ ಸಲಹೆ. 1ನೇ ಲೈನ್ ಹತ್ತಿ ಕೊನೆಯ ಸ್ಟಾಪು ಫ್ರೋಗ್ನರ್‌ಸೇಟರೆನ್‌ಗೆ ಹೋಗಿ. ಸಮುದ್ರಮಟ್ಟದಿಂದ 469 ಮೀಟರ್ ಎತ್ತರ, ಅಲ್ಲಿಗೂ ಮೆಟ್ರೋ. ಅಲ್ಲಿ ಜಾರುಬಂಡಿ ಬಾಡಿಗೆಗೆ ಸಿಗುತ್ತದೆ. ಕೋರ್ಕೆಟ್ರೆಕ್ಕೆರೆನ್ ಎಂಬ ಸುಮಾರು 2 ಕಿಲೋಮೀಟರ್ ಇಳಿಜಾರಿನಲ್ಲಿ ಕಿರುಚುತ್ತಾ ಜಾರಿ ಮಿಡ್‌ಸ್ಟುವೆನ್ ಸ್ಟೇಷನ್ ತಲುಪಿ, ಅದೇ ಬಂಡಿ ಬಗಲಲ್ಲಿ ಇಟ್ಟುಕೊಂಡು ಅದೇ ಮೆಟ್ರೋದಲ್ಲಿ ಮತ್ತೆ ಮೇಲಕ್ಕೆ. ಬೋಗಿಯೊಳಗೆ ಸ್ಕೀ, ಬಂಡಿ, ಒದ್ದೆ ಬೂಟು, ಕೆಂಪು ಮೂಗಿನ ಮಕ್ಕಳು. ಯಾರೂ ಬೈಯುವುದಿಲ್ಲ. ಡಿಸೆಂಬರಿನಲ್ಲಿ ಮೂರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗಿಬಿಡುತ್ತಾನೆ, ಬೆಳಗ್ಗೆಯೇ ಹೊರಡಿ. ಗ್ಲೌಸ್ ಮಾತ್ರ ಬೆಂಗಳೂರಿನಲ್ಲಿ ಕೊಳ್ಳಬೇಡಿ. ನೀರು ಹೀರದ ಗ್ಲೌಸ್ ಇಲ್ಲೇ ತಗೊಳ್ಳಿ, ಉಣ್ಣೆಯದ್ದು ಎರಡನೇ ಜಾರಿಗೆಲ್ಲ ಒದ್ದೆ ಮುದ್ದೆ.