ಸ್ಪಷ್ಟನೆ: ಹಲ್ಲಿನ ಸಂದಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ

ಬಾಗಲಕೋಟೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಮುಂದಿನ ಎರಡು ಹಲ್ಲಿಗೆ ಸಣ್ಣ ರಬ್ಬರ್ ಬ್ಯಾಂಡ್ ಸುತ್ತಿದರೆ ಸಂದಿ ತಾನೇ ಮುಚ್ಚುತ್ತದೆ, ತಂತಿಯ ಖರ್ಚು ಸುಮ್ನೆ ಯಾಕೆ ಅಂತ. ಜೊತೆಗೆ, ಇಪ್ಪತ್ತು ದಾಟಿದವರಿಗೆ ತಂತಿ ಹಾಕಿ ಉಪಯೋಗವಿಲ್ಲ ಎಂದೂ ಇದೆ. ಎರಡೂ ತಪ್ಪು.

ಮೊದಲನೆಯದು ತಪ್ಪಷ್ಟೇ ಅಲ್ಲ, ಅಪಾಯ. ಹಲ್ಲಿನ ಬೇರು ತುದಿಗೆ ಹೋದಂತೆ ಸಣ್ಣದಾಗುತ್ತದೆ. ಹಾಗಾಗಿ ಬಿಗಿಯಾದ ಬ್ಯಾಂಡ್ ಜಾರಿ ಒಸಡಿನೊಳಗೆ ಸೇರುತ್ತದೆ. ಅಲ್ಲಿ ಬೇರಿನ ಸುತ್ತಲ ಎಲುಬನ್ನು ಹಾಳು ಮಾಡುತ್ತದೆ. ರಬ್ಬರ್ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಹೇಳದಿದ್ದರೆ ಡಾಕ್ಟರಿಗೂ ಗೊತ್ತಾಗುವುದು ಕಷ್ಟ. ಗಟ್ಟಿಮುಟ್ಟಾದ ಹಲ್ಲು ಅಲುಗಾಡಿ ಬಿದ್ದುಹೋದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಸಂದಿ ಮೊದಮೊದಲು ಮುಚ್ಚಿದಂತೆ ಕಾಣುತ್ತದಲ್ಲ, ಅದೇ ಮೋಸ. ಈಗಾಗಲೇ ಹಾಕಿ ಬ್ಯಾಂಡ್ ಕಾಣೆಯಾಗಿದ್ದರೆ, ಬಿದ್ದಿರಬೇಕು ಅಂದುಕೊಳ್ಳದೆ ಕೂಡಲೇ ತೋರಿಸಿ.

ವಯಸ್ಸಿನ ಮಾತು: ಒಸಡು, ಎಲುಬು ಚೆನ್ನಾಗಿದ್ದರೆ ನಲವತ್ತರಲ್ಲೂ ಹಲ್ಲು ಸರಿಸಬಹುದು. ದವಡೆಯ ಬೆಳವಣಿಗೆ ತಿದ್ದುವುದಿದ್ದರೆ ಮಾತ್ರ ಚಿಕ್ಕ ವಯಸ್ಸೇ ಒಳ್ಳೆಯದು.

ಲೋಹದ ತಂತಿ, ಹಲ್ಲಿನ ಬಣ್ಣದ ಸೆರಾಮಿಕ್, ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಪಾರದರ್ಶಕ ಕವಚ (ಅಲೈನರ್), ಹೀಗೆ ಆಯ್ಕೆಗಳಿವೆ. ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಆಗಾಗ ತೆಗೆದಿಡುವವರಿಗೆ ತಂತಿಯೇ ವಾಸಿ. ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಆಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಮರಳಬಹುದು.

ಖರ್ಚೇ ಚಿಂತೆಯಾದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ದಂತ ಕಾಲೇಜುಗಳಿವೆ. ಮೊದಲು ಅಲ್ಲಿ ವಿಚಾರಿಸಿ.